ಕೈ ತೊಳೆಯುವ ಜಾಗದ ಆಮೆ

ಒಡೆದ ಟೈಲ್ಸ್ ಚೂರು ಜೋಡಿಸಿ ಚಿತ್ರ ಮಾಡುವುದು ನನ್ನ ಕಸುಬು. ಕಣಗಲಾದ ಹೆದ್ದಾರಿ ಬದಿಯ ಖಾನಾವಳಿಯ ಒಡತಿ, ಕೈ ತೊಳೆಯುವ ಜಾಗದ ನೆಲಕ್ಕೆ ಒಂದು ಆಮೆ ಬೇಕೆಂದರು. ಹಳೆಯ ಗುಡಿಗಳ ನೆಲದಲ್ಲಿ ಕೆತ್ತಿರುತ್ತಾರಲ್ಲ, ಅಂಥದ್ದು. ಸಿಮೆಂಟ್ ಹಲಗೆಯೊಂದರ ಮೇಲೆ ಮಾಡಿ ಮುಗಿಸಿ, ಗೋಕಾಕದಲ್ಲಿ ದಸ್ತಗೀರ ಕಾಕಾರ ಟೆಂಪೋದಲ್ಲಿ ಮಲಗಿಸಿಕೊಂಡು ಹೊರಟೆ.

ಘಟಪ್ರಭಾದಲ್ಲಿ ಕಾಕಾ ಗೊಬ್ಬರದ ಚೀಲಗಳನ್ನೂ ಹೇರಿಕೊಳ್ಳಬೇಕಿತ್ತು. ಹಮಾಲ ಮೊದಲ ಚೀಲವನ್ನೇ ಆಮೆಯ ಮೇಲೆ ಒಗೆಯಲು ಬಂದ. "ಒಡೀತೈತೋ" ಅಂದೆ, ಕೇಳಲಿಲ್ಲ. "ಕಲಾಕೃತಿ ಐತಿ" ಅಂದೆ, ನಕ್ಕ. ಕೊನೆಗೆ "ದೇವರೈತೋ ಯಪ್ಪಾ!" ಎಂದು ಕಿರುಚಿದೆ. ಚೀಲ ಅವನ ಬೆನ್ನ ಮೇಲೇ ನಿಂತಿತು.

ಕಾಕಾ ನನಗೇ ಬೈದರು. "ಮೊದಲ ಹೇಳಬಾರದೇನ್ರಿ? ದೇವರ ಬಾಜೂಕ ಚಪ್ಪಲ್ ಹಾಕ್ಕೊಂಡ ಕುಂತೀರಲ್ಲ, ಇಳೀರಿ ಕೆಳಗ!" ತಮ್ಮ ಶಾಲು ತೆಗೆದು ಆಮೆಯ ಕೆಳಗೆ ಮೆತ್ತಗೆ ಹಾಸಿದರು. ಹಮಾಲ ಎದುರಿನ ಅಂಗಡಿಯಿಂದ ಕುಂಕುಮ, ಅರಿಶಿನದ ಭಂಡಾರ ತಂದು ಆಮೆಯ ಹಣೆಗೆ ಧಾರಾಳವಾಗಿ ಬಳಿದ.

ಕಣಗಲಾದಲ್ಲಿ ಇಳಿಸಿದಾಗ ಖಾನಾವಳಿಯ ಅಕ್ಕಾವ್ರು ಹೌಹಾರಿದರು. "ಕುಂಕುಮ ಹಚ್ಚಿದ್ದನ್ನ ನೆಲಕ್ಕ ಹಾಕಿ, ಅದರ ಮ್ಯಾಲ ಮಂದಿ ಬಾಯಿ ಮುಕ್ಕಳಿಸಿ ಉಗಳೂದೇನ್ರಿ?"

"ಒರಸಿದ್ರ ಹೋಗತೈತ್ರಿ" ಅಂದೆ.

ಅಕ್ಕಾವ್ರು, ಕಾಕಾ ಇಬ್ಬರೂ ನನ್ನತ್ತ ನೋಡಿದ ನೋಟಕ್ಕೆ, ಒರಸಲು ತೆಗೆದಿದ್ದ ಬಟ್ಟೆಯನ್ನು ಮತ್ತೆ ಮಡಚಿಟ್ಟೆ.

ಈಗ ಆಮೆ ಗಲ್ಲಾದ ಹಿಂದಿನ ಗೋಡೆಯ ಮೇಲಿದೆ, ಊದಿನಕಡ್ಡಿ ಸಮೇತ. ಊಟಕ್ಕೆ ಹೋದಾಗಲೆಲ್ಲ ಅಕ್ಕಾವ್ರ ಎದುರು ನಾನೂ ಚಪ್ಪಲಿ ಬಿಟ್ಟು ಕೈ ಮುಗಿಯುತ್ತೇನೆ. ಆಮೆಯ ಬೆನ್ನು ನಮ್ಮ ಮನೆಯ ಹಳೇ ಬಚ್ಚಲಿನ ಟೈಲ್ಸಿನದು. ಅಷ್ಟು ವರ್ಷ ನಾನು ಜಳಕ ಮಾಡಿದ್ದು ಅದರ ಮೇಲೆ ನಿಂತೇ.