ಅಟೆಂಡರ್ ಅಕ್ಕ ಮನೆಗೊಯ್ದ ಆಸಿಲೋಸ್ಕೋಪ್

ಆ ಆಸಿಲೋಸ್ಕೋಪನ್ನು ರದ್ದಿಗೆ ಹಾಕಿದವನು ನಾನೇ. ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಹಸಿರು ಗೆರೆಯಾಗಿ ತೋರಿಸುವ ಯಂತ್ರ ಅದು. ನಮ್ಮ ಪಾಲಿಟೆಕ್ನಿಕ್ಕಿಗೆ ಬರುವ ಮೊದಲೇ ಯಾವುದೋ ಕಾರ್ಖಾನೆಯಲ್ಲಿ ದುಡಿದು ಹಣ್ಣಾಗಿತ್ತು. ಒಂದು ದಿನ ಹನ್ನೆರಡು ವೋಲ್ಟಿಗೆ ಎಂಟು ತೋರಿಸಿತು. ಮರುದಿನ ನೆಟ್ಟಗಿರಬೇಕಾದ ಗೆರೆ ಹಾವಿನಂತೆ ಹೊರಳಿತು. ನಲವತ್ತು ವಿದ್ಯಾರ್ಥಿಗಳು ಕಾಯುತ್ತಿದ್ದರು. "ಇದು ಬರೀ ಸುಳ್ಳು ಹೇಳುತ್ತೆ, ತೆಗೀರಿ" ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಿಬಿಟ್ಟೆ.

ಲ್ಯಾಬಿನ ಅಟೆಂಡರ್ ಅದನ್ನು ಕೇಳಿಸಿಕೊಂಡರು. ಎಲ್ಲರ ಬಾಯಲ್ಲೂ ಅವರು ಅಕ್ಕ, ಅವರಿಗಿಂತ ಹಿರಿಯರಾದ ಪ್ರಾಂಶುಪಾಲರ ಬಾಯಲ್ಲೂ. ಅವರ ಓದು ಹತ್ತನೇ ತರಗತಿಗೇ ನಿಂತಿತ್ತು. ಇಪ್ಪತ್ತೆರಡು ವರ್ಷ ಬೆಂಚು ಒರೆಸಿ, ವೈರು ಹಂಚಿ, ಸಂಜೆ ಎಣಿಸಿ ಡಬ್ಬಿಗೆ ತುಂಬಿದವರು. ಪಾಠ ನಡೆಯುವಾಗ ಬೀರುವಿನ ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತಿದ್ದರು. ಕಾಲಿಗೆ ವಿಶ್ರಾಂತಿ ಕೊಡುತ್ತಿದ್ದಾರೆ ಎಂದುಕೊಂಡಿದ್ದೆವು. ಅವರು ಪಾಠ ಕೇಳುತ್ತಿದ್ದರು.

"ಸಾರ್, ಬಿಸಾಕೋದಾದ್ರೆ ನಾನು ತಗೊಂಡು ಹೋಗ್ಲಾ?"

"ಏನ್ಮಾಡ್ತೀರಕ್ಕ ಅದನ್ನ?"

"ಯಾಕೆ ಸುಳ್ಳು ಹೇಳುತ್ತೆ ಅಂತ ನೋಡ್ತೀನಿ."

ನಕ್ಕು ಚೀಟಿ ಬರೆದುಕೊಟ್ಟೆ. ಆ ನಗು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮುಂದಿನದೆಲ್ಲ ಅಕ್ಕನೇ ನನಗೆ ಹೇಳಿದ್ದು. ಅವರ ಗಂಡ ಹಾಲಿನ ವ್ಯಾನಿನ ಡ್ರೈವರು, ಮಧ್ಯಾಹ್ನಕ್ಕೆಲ್ಲ ಕೆಲಸ ಮುಗಿಯುತ್ತಿತ್ತು. ಯಂತ್ರವನ್ನು ಖಾಲಿ ಕ್ರೇಟುಗಳ ನಡುವೆ ಕೂರಿಸಿ ಮನೆಗೆ ತಂದದ್ದು ಗಂಡನೇ. ಊಟದ ಮೇಜಿನ ಅರ್ಧವನ್ನು ಅದು ಆಕ್ರಮಿಸಿತು.

"ಮನೇಲಿ ಸುಳ್ಳು ಹೇಳೋಕೆ ನಾನೊಬ್ಬ ಸಾಲ್ದಾ?" ಎಂದರು ಗಂಡ.

"ನಿಮ್ಮದು ಯಾವ ಗುಂಡಿ ತಿರುಗಿಸಿದ್ರೂ ಸರಿಹೋಗಲ್ಲ. ಇದಾದ್ರೂ ನೋಡೋಣ."

ಸುಳ್ಳು ಹಿಡಿಯಬೇಕಾದರೆ ಮೊದಲು ಒಂದು ನಿಜ ಕೈಯಲ್ಲಿರಬೇಕು. ಅಕ್ಕ ಅಂಗಡಿಯಿಂದ ಟಾರ್ಚಿನ ಹೊಸ ಸೆಲ್ ತಂದರು. ಮೈಮೇಲೆ ಒಂದೂವರೆ ವೋಲ್ಟ್ ಎಂದು ಬರೆದಿತ್ತು. ಪರದೆಯ ಒಂದು ಚೌಕಕ್ಕೆ ಅರ್ಧ ವೋಲ್ಟ್ ಎಂದು ಗುಂಡಿ ಇಟ್ಟರು. ಗೆರೆ ಮೂರು ಚೌಕ ಏರಬೇಕು. ಅಳೆಯುವ ಪ್ರೋಬಿನ ತುದಿಯನ್ನು ಸೆಲ್ಲಿಗೆ ಮುಟ್ಟಿಸಿದರೆ, ಗೆರೆ ಎದ್ದು ನೋಡಿ ಮತ್ತೆ ಸೊನ್ನೆಗೆ ಬಂದು ಮಲಗಿತು. ಏರಿಳಿಯುವ ವಿದ್ಯುತ್ತನ್ನಷ್ಟೇ ಒಳಗೆ ಬಿಟ್ಟು, ಸೆಲ್ಲಿನಂಥ ಸ್ಥಿರ ವಿದ್ಯುತ್ತನ್ನು ತಡೆಯುವ ಸ್ಥಾನದಲ್ಲಿ ಸ್ವಿಚ್ಚಿದೆ ಎಂದು ಅವರಿಗೆ ಹೊಳೆಯಲು ಒಂದು ಸಂಜೆ ಬೇಕಾಯಿತು. ಅದನ್ನು ಬದಲಿಸಿದರೆ ಗೆರೆ ಕೂದಲೆಳೆಯಷ್ಟೇ ಎದ್ದಿತು. ಪ್ರೋಬಿನ ಮೇಲಿನ ಪುಟ್ಟ ಸ್ವಿಚ್ಚು ಹತ್ತರಲ್ಲಿ ಒಂದು ಪಾಲನ್ನಷ್ಟೇ ಯಂತ್ರಕ್ಕೆ ಕಳಿಸುತ್ತಿತ್ತು. ಅದನ್ನೂ ಸರಿಸಿದರು.

"ಇವೆರಡೂ ನನ್ನ ತಪ್ಪು ಸಾರ್, ಯಂತ್ರದ್ದಲ್ಲ" ಎಂದು ಆಮೇಲೆ ಹೇಳಿದರು. "ಮೊದಲು ನನ್ನ ತಪ್ಪು ತೆಗೆದೆ. ಮಿಕ್ಕಿದ್ದು ಅದರದ್ದು."

ಮಿಕ್ಕಿದ್ದು ಸುಲಭವಿರಲಿಲ್ಲ. ಗೆರೆ ಎರಡು ಚೌಕಕ್ಕೆ ಹೋಗಿ ನಿಂತಿತು. ಸೆಲ್ ಬದಲಿಸಿದರು, ಆದರೂ ಎರಡೇ. ಮೂರು ದಿನ ತಲೆ ಕೆಡಿಸಿಕೊಂಡರು. ನಾಲ್ಕನೆಯ ದಿನ ಬೇಸರದಿಂದ ಬಟ್ಟೆ ತೆಗೆದುಕೊಂಡು ಒರೆಸತೊಡಗಿದರು. ಕೈಗೆ ರೂಢಿಯಾಗಿದ್ದ ಕೆಲಸ. ದೊಡ್ಡ ಗುಂಡಿಯ ನಡುವೆ ಬಟ್ಟೆ ಏನಕ್ಕೋ ಸಿಕ್ಕಿಕೊಂಡಿತು. ಬೆರಳಲ್ಲಿ ಸವರಿದರೆ ಒಂದು ತೆಳ್ಳನೆಯ ಕಡ್ಡಿ. ಬೇರೆ ಯಂತ್ರಗಳಲ್ಲಿ ಅದೇ ಜಾಗದಲ್ಲಿ ಗೆರೆಯ ಎತ್ತರವನ್ನು ಕುಗ್ಗಿಸುವ ಕೆಂಪು ಟೋಪಿಯ ಕಿರುಗುಂಡಿ ಇರುತ್ತಿತ್ತು. ಇದರ ಟೋಪಿ ಯಾವಾಗಲೋ ಕಳಚಿಬಿದ್ದು, ಕಡ್ಡಿ ಅರ್ಧ ತಿರುಗಿ ನಿಂತಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರು. ಗೆರೆ ಮೇಲೇರುತ್ತ ಹೋಯಿತು. ಕಡ್ಡಿ ಟಕ್ಕೆಂದು ಕೂತಾಗ ಸರಿಯಾಗಿ ಮೂರು ಚೌಕ.

"ನಾನು ಕೂತೇ ಇದ್ದೆ ಸಾರ್. ಇವರು ಬಂದು, ಯಾಕೆ ಅಳ್ತಿದೀಯಾ ಅಂದ್ರು. ಅತ್ತಿದ್ದು ನನಗೇ ಗೊತ್ತಿರಲಿಲ್ಲ."

ಹಾವಿನಂಥ ಗೆರೆಯ ಕತೆ ಅಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ. ಪ್ರೋಬಿನ ಕಪ್ಪು ಅರ್ತ್ ವೈರನ್ನು ಮಡಿಸಿದರೆ ಗೆರೆ ಶಾಂತ, ನೆಟ್ಟಗೆ ಮಾಡಿದರೆ ಹೊರಳಾಟ. ಹೊರಗಿನ ಸಿಪ್ಪೆ ಚೆನ್ನಾಗಿತ್ತು, ಒಳಗಿನ ತಾಮ್ರ ತುಂಡಾಗಿತ್ತು. ಅದಕ್ಕೇ ಗೋಡೆಯೊಳಗಿನ ಕರೆಂಟಿನ ಗುಂಯ್‌ಗುಡುವಿಕೆಯೆಲ್ಲ ಪರದೆಗೆ ನುಗ್ಗುತ್ತಿತ್ತು. ಗಂಡನ ಸಲಕರಣೆ ಡಬ್ಬಿಯಿಂದ ವೈರು ತೆಗೆದು, ಕ್ಲಿಪ್ಪಿಗೆ ಬೆಸುಗೆ ಹಾಕಿದರು.

ಸೋಮವಾರ ಬೆಳಿಗ್ಗೆ ಯಂತ್ರ ನನ್ನ ಮೇಜಿನ ಮೇಲಿತ್ತು. ಅಕ್ಕ ಒಂದೊಂದಾಗಿ ತೋರಿಸಿದರು. ನಾನು ಹನ್ನೆರಡು ವೋಲ್ಟು ಕೊಟ್ಟೆ, ಹನ್ನೆರಡೇ ತೋರಿಸಿತು.

"ನಾನೇ ನೋಡಬೇಕಿತ್ತು ಅಕ್ಕ" ಎಂದೆ.

"ನಿಮಗೆ ನಲವತ್ತು ಮಕ್ಕಳು ಸಾರ್. ನನಗೆ ಇದೊಂದೇ."

ನನ್ನ ಸಹಿ ಬಿದ್ದ ಇನ್ನೂ ನಾಲ್ಕು ಆಸಿಲೋಸ್ಕೋಪುಗಳು ಸ್ಟೋರಿನಲ್ಲಿದ್ದವು. ಇಬ್ಬರೂ ಸೇರಿ ಹೊರಗೆಳೆದೆವು. ಎರಡು ಒಂದೇ ವಾರದಲ್ಲಿ ದಾರಿಗೆ ಬಂದವು. ಇನ್ನೊಂದರ ಸಡಿಲ ಸಾಕೆಟ್ಟಿಗೆ ಬೆಸುಗೆ ಬೇಕಾಯಿತು. ನಾಲ್ಕನೆಯದರ ಪರದೆಯ ಕೊಳವೆಯೇ ಸತ್ತಿತ್ತು. "ಇದಕ್ಕೆ ಸಹಿ ಹಾಕಿದ್ದು ಸರಿಯಾಗಿದೆ ಸಾರ್" ಎಂದು ಅಕ್ಕ ನನ್ನ ಮಾನ ಉಳಿಸಿದರು.

ಹೊಸ ತಂಡಕ್ಕೆ ಮೊದಲ ವಾರದ ಪ್ರಾಯೋಗಿಕ ತರಗತಿಯನ್ನು ಅವರೇ ನಡೆಸಲಿ ಎಂದು ನಾನು ಪ್ರಾಂಶುಪಾಲರನ್ನು ಕೇಳಿದೆ. ಅವರು ಒಪ್ಪಿದರು. ಅಕ್ಕ ಒಪ್ಪಲಿಲ್ಲ.

"ನನಗೆ ದೊಡ್ಡ ದೊಡ್ಡ ಪದ ಬರಲ್ಲ ಸಾರ್."

"ನಿಮ್ಮ ಟಾರ್ಚಿನ ಸೆಲ್ಲಿಗೂ ಬರಲ್ಲವಲ್ಲ ಅಕ್ಕ. ನಿಜ ಹೇಳಿದ್ದು ಅದೇ ತಾನೆ?"

ಅವರಿಗೆ ನಗು ಬಂತು, ಒಪ್ಪಿಕೊಂಡರು. ತರಗತಿ ಶುರುವಾದ ಹತ್ತು ನಿಮಿಷ ಬೀರುವಿನ ಪಕ್ಕ ಬಿಟ್ಟು ಕದಲದೆ ಪಾಠ ಹೇಳಿದರು. ಆಮೇಲೆ ಯಾರೋ ಹುಡುಗಿ, ಮೇಡಂ, ನನ್ನ ಗೆರೆ ಕಾಣ್ತಿಲ್ಲ, ಎಂದಳು. ಮೇಡಂ ಎಂದರೆ ತಾವೇ ಎಂದು ತಿಳಿಯಲು ಅಕ್ಕನಿಗೆ ಒಂದು ಕ್ಷಣ ಹಿಡಿಯಿತು. ತಿಳಿದ ಮೇಲೆ ನೇರ ಅವಳ ಬೆಂಚಿಗೆ ನಡೆದರು.

ಈ ವರ್ಷ ಲ್ಯಾಬ್ ತಂತ್ರಜ್ಞರ ಹುದ್ದೆಗೆ ಇಲಾಖೆಯೊಳಗಿನವರಿಗೆ ಪರೀಕ್ಷೆಯಿಟ್ಟರು. ಅಕ್ಕ ಬರೆದು ಪಾಸಾಗಿದ್ದಾರೆ. ಸಂದರ್ಶನ ಬರುವ ತಿಂಗಳು. ಗಂಡ ಆ ದಿನ ರಜೆ ಹಾಕಿದ್ದಾರಂತೆ, ತಾವೇ ಕರೆದುಕೊಂಡು ಹೋಗಲು.