ಮೊಬೈಲಿನಲ್ಲಿ ಮಲಗಿರುವ ಬೆಕ್ಕು

ಅಂಗೈಯಲ್ಲಿ ಮೊಬೈಲು ಗುರುಗುಟ್ಟಿತು. ಫೋನ್ ಬಂತು ಎಂದುಕೊಳ್ಳಬೇಡಿ. ಬೆಕ್ಕಿಗೆ ಹಿತವಾಯಿತು, ಅಷ್ಟೆ. ಹೊಳೆನರಸೀಪುರದ ಬಸ್ ನಿಲ್ದಾಣದ ಪಕ್ಕ, ನನ್ನ ಲಗೇಜ್ ಆಟೋದಲ್ಲಿ ಬಾಡಿಗೆಗೆ ಕಾಯುತ್ತ ಕೂತಾಗ ನಾನು ಆಡುವ ಆಟ ಇದು. ಪರದೆಯ ಮೇಲೆ ಒಂದು ಬೂದು ಬೆಕ್ಕು ಮಲಗಿರುತ್ತದೆ. ಬೆರಳಿನಿಂದ ಸವರಿದರೆ ಕಣ್ಣು ಮುಚ್ಚುತ್ತದೆ, ಫೋನು ನಡುಗುತ್ತದೆ. ಗೆಲ್ಲುವುದಿಲ್ಲ, ಸೋಲುವುದಿಲ್ಲ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ನನಗೂ ಅರ್ಥವಾಗುವ ಆಟ.

ಟೀ ಅಂಗಡಿಯ ರಾಜಣ್ಣ ಗ್ಲಾಸು ಕೊಡುವಾಗಲೆಲ್ಲ ಬಗ್ಗಿ ನೋಡುತ್ತಾನೆ. "ಏನ್ಲಾ, ಮೊಮ್ಮಕ್ಕಳನ್ನ ಆಡ್ಸೋ ವಯಸ್ನಲ್ಲಿ ನೀನೇ ಆಡ್ಕಂಡ್ ಕುಂತಿದೀಯಲ್ಲ! ಆಲು ಕುಡೀತದಾ ಅದು?"

"ನೀನು ನೀರು ಬೆರ್ಸೋ ಆಲ್ನ ಅದೂ ಮೂಸಕಿಲ್ಲ ಕಣ್ಲಾ. ಟೀ ತತ್ತಾ."

ಇಸ್ಪೀಟು ಆಡುವವರನ್ನು ನೋಡಿ ಅವನು ನಗುವುದಿಲ್ಲ. ಬೆಕ್ಕು ಸವರಿದರೆ ನಗು. ನಗಲಿ. ನಾನು ಬಿಡುವವನಲ್ಲ. ಯಾಕೆಂದು ಅವನಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಇಲಿ ಹುಳು ತಿನ್ನುತ್ತದೆ, ಹಾಗಾಗಿ ಬೆಕ್ಕು ಬೇಕು. ಆದರೆ ಬೆಕ್ಕು ಹುಳುವಿನ ಹತ್ತಿರ ಸುಳಿಯಬಾರದು. ಇದನ್ನು ಬೆಕ್ಕಿಗೆ ಯಾರು ತಿಳಿಹೇಳುವುದು? ಹಣ್ಣಾದ ಹುಳು ಗೂಡು ಕಟ್ಟಲೆಂದು ಹಾಸಿದ್ದ ಬಿದಿರಿನ ಚಂದ್ರಿಕೆಯನ್ನೇ ನನ್ನ ತಂಗಿ ಜಯಾಳ ಬೆಕ್ಕು ಹಾಸಿಗೆ ಮಾಡಿಕೊಂಡಿತು. ಅಪ್ಪ ನನ್ನನ್ನು ಕರೆದು, "ಒಳೆ ದಾಟ್ಸಿ ಬುಟ್ಬುಟ್ಟು ಬಾ ಓಗ್ಲಾ" ಎಂದರು.

ನಮ್ಮ ಕಡೆ ಬೆಕ್ಕು ಬಿಡುವುದಕ್ಕೂ ಒಂದು ಕ್ರಮವಿದೆ. ಗೋಣಿಚೀಲದಲ್ಲಿ ಹಾಕಿ ಒಯ್ದು, ಬಿಡುವ ಜಾಗದಲ್ಲಿ ಚೀಲವನ್ನು ಗಿರಗಿರ ತಿರುಗಿಸುತ್ತಾರೆ. ದಿಕ್ಕು ತಪ್ಪಿದ ಬೆಕ್ಕು ಮನೆಗೆ ಮರಳುವುದಿಲ್ಲ. ಅಪ್ಪ ಬಿಡು ಎಂದಿದ್ದರು, ತಿರುಗಿಸು ಎಂದಿರಲಿಲ್ಲ. ಹೇಮಾವತಿಯ ಆಚೆ ದಡದಲ್ಲಿ ನಿಂತು ನಾನೇ, ಕೈ ಸೋಲುವವರೆಗೆ, ನಗುತ್ತ ತಿರುಗಿಸಿದೆ. ಚೀಲದ ಬಾಯಿ ಬಿಚ್ಚಿದಾಗ ಅದು ಓಡಲಿಲ್ಲ. ಕುಡಿದವರ ಹಾಗೆ ಓಲಾಡುತ್ತ ಬಂದು ನನ್ನ ಕಾಲಿಗೇ ಒರಗಿತು.

ಜಯಾ ಹಿತ್ತಲಲ್ಲಿ ಕರಟಕ್ಕೆ ಹಾಲು ಹಾಕಿಟ್ಟು ಕಾದಳು. "ಎಲ್ಲೋಯ್ತಣ್ಣ?" ಎಂದು ಕೇಳಿದರೆ, "ಬತ್ತದೆ ಬುಡು, ಮರಿ ಆಕಕ್ಕೆ ಓಗ್ಯದೆ" ಎಂದೆ. ಆ ಮಾತು ನಂಬಿ ಮಳೆಗಾಲವೆಲ್ಲ ಹಾಲಿಟ್ಟಳು.

ಹೋದ ವರ್ಷ ಚನ್ನರಾಯಪಟ್ಟಣದ ಅವಳ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಚೀಲ ತಿರುಗ್ಸಿದ್ಯಾ?"

"ತಿರುಗ್ಸಿದೆ."

"ತಿರುಗ್ಸು ಅಂತ ಅಪ್ಪ ಏಳಿದ್ರಾ?"

"ಇಲ್ಲ."

"ಎದ್ದೋಗಣ್ಣ."

ತಿಂಗಳುಗಟ್ಟಲೆ ನನ್ನ ಫೋನ್ ಎತ್ತಲಿಲ್ಲ. ಆ ದಿನಗಳಲ್ಲೇ ಮಗಳು ಈ ಆಟ ಹಾಕಿಕೊಟ್ಟಿದ್ದು. ಪ್ರಾಯಶ್ಚಿತ್ತ ಎನ್ನಬೇಡಿ. ಪ್ರಾಯಶ್ಚಿತ್ತವಾಗಿದ್ದರೆ ಇಷ್ಟು ಹಿತವಾಗುತ್ತಿರಲಿಲ್ಲ. ಕೆಟ್ಟದ್ದು ಮಾಡಿದವನ ಎದೆಯೂ ಒಂದು ಗಳಿಗೆ ತಣ್ಣಗಾಗುವುದುಂಟು. ಅದಕ್ಕೆ ನಾನು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಮೊನ್ನೆ ಚನ್ನರಾಯಪಟ್ಟಣಕ್ಕೆ ಆಲೂಗಡ್ಡೆ ಮೂಟೆ ಇಳಿಸಲು ಹೋದವನು, ಕರೆಯದಿದ್ದರೂ ಹೋಗಿ ಅವಳ ಜಗಲಿಯ ಮೇಲೆ ಕೂತೆ. ಫೋನು ತೆಗೆದು ಸವರತೊಡಗಿದೆ. ಗುರುಗುಡುವ ಸದ್ದಿಗೆ ಜಯಾ ಹೊರಬಂದಳು.

"ಇದೇನು ಬೊಂಬೆ ಬೆಕ್ಕು? ನಾಚ್ಕೆ ಆಗಕಿಲ್ವಾ ನಿಂಗೆ?"

"ಇಲ್ಲ. ಸಾಯೋಗಂಟ ಸವರ್ತೀನಿ."

ನೋಡುತ್ತ ನಿಂತಳು. "ರೋಮಕ್ಕೆ ಎದುರಾಗಿ ಸವರ್ತಿದೀಯಲ್ಲಣ್ಣ! ತಲೆಯಿಂದ ಬಾಲದ ಕಡೀಕೆ ಸವರ್ಬೇಕು. ಅಷ್ಟೂ ಗೊತ್ತಿಲ್ವಾ?"

"ಇದು ಮೊಬೈಲು ಕಣಮ್ಮ. ಎಂಗೆ ಸವರಿದ್ರೂ ಗುರ್ ಅಂತದೆ."

"ಬೆಕ್ಕು ಅಂಗಲ್ಲ" ಎಂದು ಒಳಗೆ ಹೋದಳು.

ಕ್ಷಮಿಸಿದಳು ಎಂದು ಓದಿಕೊಳ್ಳಬೇಡಿ; ಕಾಫಿ ಕೂಡ ಕೊಡಲಿಲ್ಲ. ನಾನೂ ಕೇಳಲಿಲ್ಲ. ಇವತ್ತು ಆಟೋದಲ್ಲಿ ಕೂತು ತಲೆಯಿಂದ ಬಾಲದ ಕಡೆಗೆ, ನಿಧಾನವಾಗಿ ಸವರುತ್ತಿದ್ದೇನೆ. ನಿಮಗೂ ನಗು ಬಂದರೆ ನಕ್ಕುಬಿಡಿ. ತಂಗಿ ಹೇಳಿಕೊಟ್ಟದ್ದನ್ನು ಕಲಿಯುತ್ತಿದ್ದೇನೆ, ಕೈ ನಿಲ್ಲಿಸುವುದಿಲ್ಲ.