ಎಷ್ಟು ಸುತ್ತು ಬಿಟ್ಟಿದ್ದೆ

ಅಥವಾ ಒಂದೂವರೆ ಸುತ್ತೇ ಇದ್ದಿರಬಹುದು. ಅರ್ಧ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಆ ಅರ್ಧ ಸುತ್ತು ನನ್ನ ಮಣಿಕಟ್ಟಿನಲ್ಲೇ ಕೂತುಬಿಟ್ಟಿದೆ. ಈಗ ಕಣ್ಣು ಮುಚ್ಚಿದರೂ ಸ್ಪ್ಯಾನರ್ ಅರ್ಧಕ್ಕೇ ನಿಲ್ಲುತ್ತದೆ. ಆದರೆ ಅದು ಆ ಶುಕ್ರವಾರದ ನೆನಪೋ, ಆಮೇಲೆ ನಾನು ಹೇಳಿದ ಮಾತಿನ ನೆನಪೋ, ಬೇರೆ ಮಾಡಿ ನೋಡಲು ಆಗುತ್ತಿಲ್ಲ.

ಕಡೂರಿನಲ್ಲಿ ಹೆದ್ದಾರಿಯ ಪಕ್ಕ ನಮ್ಮದು ಲಾರಿಗಳ ಬ್ರೇಕ್ ರಿಪೇರಿ ಅಂಗಡಿ. ಅಬ್ಬಾನದು. ಚಕ್ರದ ಡ್ರಮ್ಮಿಗೆ ಒತ್ತಿ ಗಾಡಿ ನಿಲ್ಲಿಸುವ ಹಳೆಯ ಲೈನರ್ ಕಿತ್ತು ಹೊಸದನ್ನು ರಿವಿಟ್ ಹೊಡೆದು ಕೂರಿಸುವುದು, ಡ್ರಮ್ ನೋಡುವುದು, ಕೊನೆಗೆ ಬ್ರೇಕ್ ಹೊಂದಿಸುವುದು. ನನಗಾಗ ಮದುವೆಯಾಗಿ ಮಗಳು ಹುಟ್ಟಿದ್ದಳು, ಕೆಲಸವೂ ಬರುತ್ತಿತ್ತು. ಆದರೂ ಕೊನೆಯ ಹೊಂದಿಕೆಯನ್ನು ಅಬ್ಬಾ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

ಅಂದು ಬಂದದ್ದು ಮಣ್ಣು ಅಗೆಯುವ ದೊಡ್ಡ ಮಿಷನ್ ಸಾಗಿಸುವ ಟ್ರೇಲರ್. ಇಂಥದ್ದಕ್ಕೆ ಮುಂದುಗಡೆ ಸ್ವಂತ ಚಕ್ರ ಇರುವುದಿಲ್ಲ. ಎಳೆಯುವ ಲಾರಿಯ ಬೆನ್ನ ಮೇಲೆ ಗ್ರೀಸ್ ಬಳಿದ ದುಂಡನೆಯ ಕಬ್ಬಿಣದ ತಟ್ಟೆ ಇರುತ್ತದೆ, ಟ್ರೇಲರಿನ ಮೂತಿ ಅದರ ಮೇಲೆ ಕೂತು ಲಾಕ್ ಆಗುತ್ತದೆ. ಲಾರಿಗೆ ಲಾರಿಯ ಬ್ರೇಕು, ಟ್ರೇಲರಿಗೆ ಟ್ರೇಲರಿನ ಬ್ರೇಕು. ನಡುವೆ ಗಾಳಿಯ ಎರಡು ಪೈಪು. ಹಿಂದಿನದು ಹಿಡಿಯದಿದ್ದರೆ ಅಷ್ಟೂ ಭಾರ ಮುಂದಿನ ಲಾರಿಯನ್ನು ತಳ್ಳಿಕೊಂಡೇ ಹೋಗುತ್ತದೆ. ಟ್ರೇಲರಿನಲ್ಲಿ ಮೂರು ಆಕ್ಸೆಲ್, ಪ್ರತಿಯೊಂದಕ್ಕೂ ಎರಡರಂತೆ ಆರು ಅಡ್ಜಸ್ಟರು. ಕೆಳಗೆ ಮಲಗಿ, ಲೈನರ್ ಡ್ರಮ್ಮಿಗೆ ತಾಗುವವರೆಗೆ ಅಡ್ಜಸ್ಟರಿನ ಬೋಲ್ಟ್ ಬಿಗಿಯಬೇಕು, ಆಮೇಲೆ ಅರ್ಧ ಸುತ್ತು ಹಿಂದಕ್ಕೆ ಬಿಡಬೇಕು. ಆ ಅರ್ಧ ಅಬ್ಬಾನ ಲೆಕ್ಕ. ಅದಕ್ಕಿಂತ ಹೆಚ್ಚು ಬಿಟ್ಟರೆ ಗಾಳಿ ತಳ್ಳಿದರೂ ಲೈನರ್ ಡ್ರಮ್ಮನ್ನು ಮುಟ್ಟುವುದು ತಡ, ಮುಟ್ಟಿದರೂ ಒತ್ತುವುದಿಲ್ಲ.

ಅಬ್ಬಾ ಶುಕ್ರವಾರ ಮಧ್ಯಾಹ್ನದ ಜುಮ್ಮಾ ನಮಾಜಿಗೆ ಹೋಗಿದ್ದರು. ನಾನು ಹೋಗುವುದನ್ನು ಬಿಟ್ಟಿದ್ದೆ. ಆ ವಿಷಯಕ್ಕೆ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗಿತ್ತು.

ಡ್ರೈವರ್ ಅಜ್ಜಂಪುರದವನು, ನನಗಿಂತ ಹತ್ತು ವರ್ಷ ದೊಡ್ಡವನು, ಹಳೇ ಗಿರಾಕಿ. ಅವನ ಜೊತೆ ಮಿಷನ್ ಓಡಿಸುವ ಆಪರೇಟರ್ ಇದ್ದ. ನಾನು ಟ್ರೇಲರಿನ ಕೆಳಗೆ ಮಲಗಿದ್ದೆ. ಡ್ರೈವರ್ ಕುಕ್ಕರುಗಾಲಲ್ಲಿ ಕೂತು ಒಳಗೆ ಇಣುಕಿದ.

"ಲೇ, ಹಿಂದೆ ಸ್ವಲ್ಪ ಲೂಸ್ ಬಿಡು ಕಣೋ. ಖಾಲಿ ಓಡ್ಸುವಾಗ ಬ್ರೇಕ್ ಮುಟ್ಟಿದ್ರೆ ಸಾಕು, ಗಾಲಿ ಜಾಮಾಗಿ ತೆವಳ್ಕಂಡ್ ಬತ್ತವೆ. ಟೈರೆಲ್ಲಾ ತೇದೋಗಿದಾವೆ. ಓನರ್ರು ನನ್ ಚರ್ಮ ಸುಲಿತಾರೆ."

"ಲೋಡ್ ಇದ್ದಾಗ ಏನ್ಮಾಡ್ತೀಯಣ್ಣ?"

"ಗೇರಲ್ಲಿ ಇಳಿಸ್ತೀನಿ. ನಂಗೇ ಡ್ರೈವಿಂಗ್ ಹೇಳ್ಕೊಡೋಕ್ ಬಂದ ನೋಡು!"

ಆಪರೇಟರ್ ನಕ್ಕ. "ಬೇಗ ಮುಗ್ಸಪ್ಪಾ. ನಿಮ್ಮಪ್ಪ ಮಸೀದಿಯಿಂದ ಬಂದ್ರೆ, ಎಳ್ಸಿ ನೋಡು, ಇನ್ನೊಂದ್ಸಲ ಎಳ್ಸು ಅಂತ ಇಲ್ಲೇ ಸಂಜೆ ಮಾಡ್ಬಿಡ್ತಾರೆ."

ಟೈರ್ ಉಳಿಸಲು ಹಿಂದಿನ ಬ್ರೇಕ್ ಸಡಿಲ ಬಿಡಿಸಿಕೊಳ್ಳುವುದು ಈ ರಸ್ತೆಯ ಡ್ರೈವರುಗಳ ರೂಢಿ. ಸವೆದ ಟೈರು ಓನರನ ಕಣ್ಣಿಗೆ ಬೀಳುತ್ತದೆ, ಸಡಿಲ ಬ್ರೇಕು ಬೀಳುವುದಿಲ್ಲ. ಅಬ್ಬಾ ಒಪ್ಪುತ್ತಿರಲಿಲ್ಲ. ಬೇರೆ ಅಂಗಡಿಗೆ ಹೋಗಿ ಎನ್ನುತ್ತಿದ್ದರು.

ನಾನು ಏನು ಮಾಡಿದೆ? ಡ್ರೈವರನ ಮಾತು ಇಷ್ಟು ಚೊಕ್ಕವಾಗಿ ನೆನಪಿದೆ, ನನ್ನ ಕೈ ಮಾತ್ರ ನೆನಪಿಲ್ಲ. ಹೂಂ ಎಂದೆನೋ, ಸುಮ್ಮನಿದ್ದೆನೋ. ಅಬ್ಬಾನ ಲೆಕ್ಕವನ್ನು ಒಮ್ಮೆಯಾದರೂ ಮೀರಬೇಕೆಂಬ ಹಟ ಆಗ ನನ್ನಲ್ಲಿತ್ತು, ಅದು ಗೊತ್ತು. ಆದರೆ ಹಟ ಇತ್ತು ಎಂದರೆ ಮೀರಿದೆ ಎಂದಲ್ಲ.

ಇನ್ನು ಎಳೆಸಿ ನೋಡುವುದು. ಅದು ನಮ್ಮ ಅಂಗಡಿಯ ಕಟ್ಟಳೆ. ಸ್ಟೀರಿಂಗ್ ಪಕ್ಕದ ಕೈ ಹಿಡಿಯಿಂದ ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿದು, ಮೊದಲ ಗೇರಿನಲ್ಲಿ ಲಾರಿಯನ್ನು ಮುಂದಕ್ಕೆ ಎಳೆಸಬೇಕು. ಹಿಂದಿನ ಚಕ್ರ ಉರುಳದೆ ತೆವಳಿದರೆ ಸರಿ, ಉರುಳಿದರೆ ವಾಪಸ್ ಕೆಳಗೆ ಮಲಗಬೇಕು. ಅಂದು ಎಳೆಸಿದೆವು ಎಂದು ನಾನು ಹೇಳಬಲ್ಲೆ. ಅಂಗಡಿಯ ಮುಂದೆ ಟೈರಿನ ಕಪ್ಪು ಗೆರೆಗಳು ನನ್ನ ಕಣ್ಣ ಮುಂದಿವೆ. ಆದರೆ ಆ ಗೆರೆಗಳು ನಮ್ಮ ಅಂಗಡಿಯ ಮುಂದೆ ಇಲ್ಲದ ದಿನ ಯಾವುದು?

ಎರಡು ದಿನ ಬಿಟ್ಟು ಸುದ್ದಿ ಬಂತು. ಕೆಮ್ಮಣ್ಣುಗುಂಡಿಯ ಕಡೆ ರಸ್ತೆ ಕೆಲಸ ಮುಗಿಸಿದ ಮಿಷನ್ನನ್ನು ಟ್ರೇಲರ್ ಮೇಲೆ ಹೇರಿ, ಅಜ್ಜಂಪುರದ ಕಡೆ ನೀರಾವರಿ ಚಾನೆಲ್ ಕೆಲಸಕ್ಕೆ ತರುತ್ತಿದ್ದರು. ಲಿಂಗದಹಳ್ಳಿಗೆ ಬರುವ ಮುಂಚೆ, ಇಳಿಜಾರಿನಲ್ಲಿ, ಮುಂದಿನ ಲಾರಿಯ ಬ್ರೇಕು ಕಾದು ಹೊಗೆ ಎದ್ದಿತಂತೆ. ಆಮೇಲೆ ಹಿಡಿಯಲೇ ಇಲ್ಲ. ಹಿಂದಿನಿಂದ ಟ್ರೇಲರ್ ತಳ್ಳಿತು. ತಿರುವಿನಲ್ಲಿ ಲಾರಿ ಟ್ರೇಲರಿನ ಕಡೆಗೇ ಮಡಚಿಕೊಂಡು, ಅದರ ಎಡಬದಿ ರಸ್ತೆ ಪಕ್ಕದ ಮಣ್ಣಿನ ದರೆಗೆ ಅಪ್ಪಳಿಸಿತು. ಎಡಗಡೆ ಕೂತಿದ್ದ ಆಪರೇಟರ್ ಅಲ್ಲೇ ಹೋದ. ಡ್ರೈವರನ ಸೊಂಟ ಮುರಿದಿತ್ತು.

ಅಬ್ಬಾ ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟರು. ಮನೆಮಾತಾದ ದಖನಿ ಉರ್ದುವಿನಲ್ಲಿ ಕೇಳಿದರು, ಎಷ್ಟು ಬಿಟ್ಟಿದ್ದೆ ಎಂದು.

"ಅರ್ಧ" ಎಂದೆ.

"ಆರಕ್ಕೂ?"

"ಆರಕ್ಕೂ."

ಮಾರನೆಯ ಬೆಳಿಗ್ಗೆ ಅವರು ಸ್ಪ್ಯಾನರನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ತರೀಕೆರೆ ಬಸ್ಸು ಹತ್ತಿದರು. ಟ್ರೇಲರನ್ನು ತಂದು ಅಲ್ಲಿ ಊರಾಚೆಯ ಖಾಲಿ ಜಾಗದಲ್ಲಿ ನಿಲ್ಲಿಸಿದ್ದರು. ಬ್ರೇಕ್ ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್ ಇನ್ನೂ ಬಂದಿರಲಿಲ್ಲ. ಅಬ್ಬಾ ಮಧ್ಯಾಹ್ನ ವಾಪಸ್ ಬಂದಾಗ ಅವರ ಬಿಳಿ ಅಂಗಿಯ ಬೆನ್ನಿಗೆಲ್ಲ ಕೆಮ್ಮಣ್ಣು ಮೆತ್ತಿತ್ತು. ಅಮ್ಮ ಅದನ್ನು ಎರಡು ಸಲ ಒಗೆದಳು.

ಅವರು ಸುತ್ತು ಎಣಿಸಲು ಹೋಗಿದ್ದರು ಎಂದೇ ನಾನು ತಿಳಿದಿದ್ದೆ. ಎಷ್ಟೋ ದಿನದ ಮೇಲೆ, ಯಾವುದೋ ಲಾರಿಯ ಕೆಳಗೆ ಮಲಗಿದ್ದಾಗ ಹೊಳೆಯಿತು: ಎಣಿಸಬೇಕಾದರೆ ಬಿಗಿಯಲೇಬೇಕು. ಎಷ್ಟು ಸಡಿಲವಿದೆ ಎಂದು ನೋಡಲು ಬೇರೆ ದಾರಿ ಅವರಿಗೆ ಗೊತ್ತಿರಲಿಲ್ಲ. ಲೈನರ್ ತಾಗುವವರೆಗೆ ತಿರುಗಿಸುತ್ತ ಸುತ್ತು ಎಣಿಸಬೇಕು. ಎಣಿಸಿಯಾದ ಮೇಲೆ ಬೋಲ್ಟನ್ನು ಎಲ್ಲಾದರೂ ಬಿಡಬೇಕಲ್ಲ. ಮೊದಲಿದ್ದಲ್ಲಿಗೇ ಬಿಟ್ಟರೆ? ಇಲ್ಲ, ಜೀವಮಾನವೆಲ್ಲ ಬಿಟ್ಟು ರೂಢಿಯಾದ ಅರ್ಧ ಸುತ್ತಿಗೆ ಬಿಟ್ಟರೆ?

ಟ್ರೇಲರಿನ ಬ್ರೇಕು ಸರಿಯಾಗಿತ್ತು ಎಂದು ವರದಿ ಬಂತು. ತಪ್ಪು ಡ್ರೈವರನದು ಎಂದಾಯಿತು. ಇಳಿಜಾರಿನಲ್ಲಿ ವೇಗ ಹೆಚ್ಚು, ಗೇರ್ ಇಳಿಸಿಲ್ಲ. ಶಿಕ್ಷೆಯಾಯಿತು, ಲೈಸೆನ್ಸ್ ಹೋಯಿತು. ನಮ್ಮ ಅಂಗಡಿಗೆ ವಿಚಾರಿಸಲು ಯಾರೂ ಬರಲಿಲ್ಲ.

ಅಬ್ಬಾ ಮತ್ತೆ ನನ್ನ ಕೈಗೆ ಅಡ್ಜಸ್ಟರಿನ ಸ್ಪ್ಯಾನರ್ ಕೊಡಲಿಲ್ಲ. ಮೊದಲೂ ಕೊಡುತ್ತಿರಲಿಲ್ಲ, ಹಾಗಾಗಿ ಇದರಿಂದ ಏನೂ ಸಾಬೀತಾಗುವುದಿಲ್ಲ. ಮಂಡಿ ನೋವಿನಲ್ಲೂ ತಾವೇ ಲಾರಿಯ ಕೆಳಗೆ ತೆವಳಿಕೊಂಡು ಹೋಗುತ್ತಿದ್ದರು, ನಾನು ಹೊರಗೆ ಅವರ ಕಾಲು ನೋಡುತ್ತ ನಿಂತಿರುತ್ತಿದ್ದೆ. ಅಂದು ಎಷ್ಟು ಎಣಿಸಿದಿರಿ ಎಂದು ಅಮ್ಮನ ಮೂಲಕ ಒಂದು ಸಲ ಕೇಳಿಸೋಣ ಎಂದುಕೊಂಡೆ. ಕೇಳಿಸಲಿಲ್ಲ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಅದಾದ ತಿಂಗಳಿಗೆ ಅಜ್ಜಂಪುರಕ್ಕೆ ಹೋದೆ. ಡ್ರೈವರ್ ಮನೆಯ ಮುಂದೆ ಪೆಟ್ಟಿಗೆ ಅಂಗಡಿ ಇಟ್ಟುಕೊಂಡಿದ್ದ. ಊರುಗೋಲನ್ನು ಬಿಸ್ಕತ್ ಡಬ್ಬಗಳ ಪಕ್ಕ ಒರಗಿಸಿದ್ದ. ನನ್ನನ್ನು ಕಂಡು ಸ್ಟೂಲು ತೋರಿಸಿದ.

"ಸಾಬ್ರು ಹೋದ್ರಂತೆ. ಮಣ್ಣಿಗೆ ಬರೋಕಾಗ್ಲಿಲ್ಲ ಕಣೋ, ಬಸ್ ಹತ್ತೋಕಾಗಲ್ಲ."

"ಇರ್ಲಿ ಬಿಡಣ್ಣ."

"ನಾನ್ ಆಸ್ಪತ್ರೆಲಿದ್ದಾಗ ಬಂದಿದ್ರು. ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಏನಂದರು ಎಂದು ಕೇಳಿದೆ.

"ಏನೂ ಅನ್ಲಿಲ್ಲ. ಕಾಲತ್ರ ಕೂತ್ಕಂಡ್ರು. ಆಮೇಲೆ ನನ್ ಪಾದ ಹಿಡ್ಕಂಡು ಒತ್ತೋಕ್ ಶುರು ಮಾಡಿದ್ರು. ಥೂ ಬಿಡಿ ಸಾಬ್ರೇ, ದೊಡ್ಡೋರು ನೀವು ಅಂದೆ. ಬಿಡ್ಲೇ ಇಲ್ಲ. ನಮ್ಮನೆಯೋಳು ಅತ್ಕಂಡು ಹೊರಗೋದ್ಲು."

ಗಿರಾಕಿಯೊಬ್ಬಳು ಬಂದು ಬೆಂಕಿಪೊಟ್ಟಣ ತೆಗೆದುಕೊಂಡು ಹೋದಳು. ಅವನು ಅವಳು ರಸ್ತೆ ದಾಟುವವರೆಗೆ ಕಾದ.

"ಹಿಂದಿನ ಬ್ರೇಕು ಸರಿ ಇತ್ತಂತೆ. ಬರ್ದಿದ್ದನ್ನ ಓದಿ ಹೇಳಿದ್ರು. ನಾನು ತುಳ್ದಿದ್ದು ನಂಗೊತ್ತು ಕಣೋ. ಕೈ ಹಿಡೀನೂ ಎಳ್ದೆ. ಹಿಂದ್ಗಡೆ ಏನೂ ಇಲ್ದಂಗಿತ್ತು. ಅವ್ನು ಪಕ್ಕದಲ್ಲಿ ಹಿಡಿಯೋ ಹಿಡಿಯೋ ಅಂತಿದ್ದ." ನನ್ನ ಮುಖ ನೋಡಿದ. "ಲೂಸ್ ಬಿಡು ಅಂದಿದ್ದು ನಾನೇ. ಬೈಯ್ಯಲ್ಲ, ಎಲ್ಲೂ ಹೋಗಿ ಹೇಳೋದೂ ಇಲ್ಲ. ಶಿಕ್ಷೆ ಮುಗೀತು ನಂದು. ಅಂತೂ ಎಷ್ಟು ಬಿಟ್ಟಿದ್ದೆ, ಹೇಳು."

ನಾನು ಅದಕ್ಕಾಗಿಯೇ ಹೋಗಿದ್ದೆ. ಗೊತ್ತಿಲ್ಲಣ್ಣ ಎಂದು ಹೇಳಲು ಹೋಗಿದ್ದೆ.

"ಅರ್ಧ ಸುತ್ತು" ಎಂದೆ.

ಅವನು ಊರುಗೋಲನ್ನು ಎತ್ತಿ ಇನ್ನೊಂದು ಬದಿಗೆ ಒರಗಿಸಿದ.

"ಹಂಗಾರೆ ನನ್ ಕಾಲೇ ಸುಳ್ಳು" ಎಂದ. ನಂತರ ಒಳಗೆ ತಿರುಗಿ, ಟೀ ಮಾಡುವಂತೆ ಹೆಂಡತಿಗೆ ಕೂಗಿದ. ನಾನು ಟೀ ಕುಡಿದೇ ಬಂದೆ.

ಈಗ ಅಂಗಡಿಯಲ್ಲಿ ಆ ಸ್ಪ್ಯಾನರ್ ಹಿಡಿಯುವವನು ನಾನೇ. ಮೂರು ನಾಲ್ಕು ಸಲ ಬೇಕೆಂದೇ ಒಂದೂವರೆ ಸುತ್ತು ಬಿಟ್ಟು ನೋಡಿ, ಮತ್ತೆ ಬಿಗಿದು ಸರಿಮಾಡಿದ್ದೇನೆ. ಕೈಗೆ ಅದರ ಗುರುತು ಸಿಕ್ಕೀತೇ ಎಂದು. ಸಿಕ್ಕಿತು ಎನಿಸುತ್ತದೆ. ಅರ್ಧ ಬಿಟ್ಟಾಗಲೂ ಹಾಗೇ ಎನಿಸುತ್ತದೆ.

ಅಂದು ನಾನು ಎಷ್ಟು ಬಿಟ್ಟೆನೋ ನನಗೆ ಗೊತ್ತಿಲ್ಲ. ಅಬ್ಬಾ ಎಷ್ಟು ಎಣಿಸಿದರು, ಎಣಿಸಿದ ಮೇಲೆ ಎಲ್ಲಿಗೆ ಬಿಟ್ಟು ಬಂದರು, ಅದೂ ಗೊತ್ತಿಲ್ಲ.